ಬಾಣಂತಿ ಕೋಣೆಯ ಹೊಗೆ

ನಿನ್ನ ಮಗುವನ್ನು ಕೊಂದದ್ದು ನಿನ್ನ ಎದೆಹಾಲಲ್ಲ, ಸಿದ್ದಮ್ಮ — ನಾನು.

ಯುದ್ಧದ ಕಾಲ. ಮದ್ದೂರಿನಲ್ಲಿ ಹೊಸ ಬೆಲ್ಲದ ಗೋದಾಮು ಕಟ್ಟಿದ್ದೆವು. ಮಳೆಗಾಲದಲ್ಲಿ ಬೆಲ್ಲ ನೀರೊಡೆಯದಿರಲೆಂದು ಚಪ್ಪಡಿ ನೆಲದ ಕೆಳಗೆ ಟೊಳ್ಳು ಬಿಟ್ಟು, ಹೊರಗಿನ ಒಲೆಯಲ್ಲಿ ಇದ್ದಿಲು ಉರಿಸಿ, ಬಿಸಿಗಾಳಿಯನ್ನು ಅದರೊಳಗೆ ಹಾಯಿಸುವ ಏರ್ಪಾಡು. ಗಾರೆ ಕೆಲಸವೆಲ್ಲ ಗುತ್ತಲಿನ ಮೇಸ್ತ್ರಿಯಾದ ನನ್ನದೇ. ನನ್ನ ಗಾರೆ ಸೋರುವುದಿಲ್ಲ ಎಂದು ಎಂಥ ಜಂಬ ನನಗೆ! ಗೋದಾಮಿಗೆ ಅಂಟಿಕೊಂಡೇ ನಿಮ್ಮ ಕೋಣೆ. ನಿನ್ನ ಗಂಡ ಅಲ್ಲಿಯ ಕಾವಲುಗಾರ, ನೀನು ಹಸಿ ಬಾಣಂತಿ.

ಒಲೆ ಹೊತ್ತಿಸುವ ಮುನ್ನ ಸೋರಿಕೆ ನೋಡಬೇಕು. ಚಿಮಣಿಯ ಬಾಯಿ ಮುಚ್ಚಿ, ಹಸಿ ಹುಲ್ಲು, ಬೇವಿನ ಸೊಪ್ಪು ಸುಟ್ಟು ನೆಲದಡಿಗೆ ಹೊಗೆ ತುಂಬಿದೆ. ಗೋದಾಮಿನೊಳಗೆ ಒಂದೆಳೆಯೂ ಏಳಲಿಲ್ಲ. ಬೀಗುತ್ತ ಹೊರಬಂದರೆ — ನಿನ್ನ ಬಾಗಿಲ ಸಂದಿಯಲ್ಲಿ ಹೊಗೆ.

"ಸಾಂಬ್ರಾಣಿ ಆಕಿದ್ದೀಯೇನವ್ವಾ?" ಎಂದೆ.

"ಇಲ್ಲ ಕಣಣ್ಣ, ಇನ್ನೂ ಆಕಿಲ್ಲ. ಬೇವಿನ್ ಸೊಪ್ಪಿನ್ ವಾಸ್ನೆ ಬತ್ತಾ ಅದೆ, ವಸಿ ನೋಡಣ್ಣ."

ನೋಡಲಿಲ್ಲ. ಮೋಡ ಕವಿದಿತ್ತು, ಬೆಲ್ಲದ ಗಾಡಿಗಳು ಬಂದು ನಿಂತಿದ್ದವು, ಗೋದಾಮಿನ ಧಣಿ ಕೂಗಾಡುತ್ತಿದ್ದರು. ಈಗ ಚಪ್ಪಡಿ ಕೀಳಿಸಿದರೆ ನನ್ನ ಹೆಸರು — ಥೂ, ನನ್ನ ಹೆಸರು! "ಬಾಣಂತಿ ಕ್ವಾಣೆ ಸಾಂಬ್ರಾಣಿ ಬುಡಿ ಧಣಿ, ನೆಲ ಭದ್ರವಾಗಿ ಅದೆ" ಎಂದುಬಿಟ್ಟೆ.

ಮರುದಿನ ಬೆಳಗ್ಗೆ ಒಲೆಗೆ ಇದ್ದಿಲು ಬಿತ್ತು. ಹುಲ್ಲಿನ ಹೊಗೆಯಾದರೆ ಕಣ್ಣಿಗೆ ಕಾಣುತ್ತದೆ, ಇದ್ದಿಲಿನ ಉಸಿರುಗಟ್ಟಿಸುವ ಗಾಳಿ ಕಾಣುವುದಿಲ್ಲ. ಅದೂ ನನಗೆ ಗೊತ್ತಿತ್ತು. ಆ ಹೊತ್ತಿಗೇ ನಿನ್ನತ್ತೆ ನಿನ್ನನ್ನು ಎಣ್ಣೆನೀರಿಗೆ ಕರೆದೊಯ್ದಳು. ಕೂಸಿಗೆ ಥಂಡಿ ತಾಕದಿರಲೆಂದು ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿ, ಚಾಪೆಯ ಮೇಲೆ ಮಲಗಿಸಿ, ಬಾಗಿಲೆಳೆದುಕೊಂಡು ಹೋದಿರಿ. ನೀನು ಮಿಂದು ಬರುವಷ್ಟರಲ್ಲಿ —

"ಕದ್ದು ಮೊಸ್ರು ತಿಂದು ಆಲು ಕೆಡಿಸ್ಕಂಡೆ. ನೀನೇ ತಿಂದ್ಕಂಡೆ ಕಣೇ ಕೂಸ್ನ!" ಎಂದು ನಿನ್ನತ್ತೆ ಚೀರಿದಳು. ಒದ್ದೆ ಕೂದಲಲ್ಲಿ ನೀನು ಅಂಗಳದಲ್ಲಿ ಹೊರಳುತ್ತಿದ್ದೆ. ನಾನು ಏನು ಮಾಡಿದೆ ಗೊತ್ತೇ? ಒಲೆ ಆರಿಸಿ, ಕೋಣೆ ಹೊಕ್ಕು, ಕೂಸಿನ ಚಾಪೆ ಸರಿಸಿ, ಗೋದಾಮಿನ ಗೋಡೆಯ ಬುಡದಲ್ಲಿದ್ದ ಬಿರುಕಿಗೆ ಗಾರೆ ಮೆತ್ತಿದೆ. ಯಾರೂ ನೋಡಲಿಲ್ಲ. ನಿನ್ನನ್ನು ಮಳವಳ್ಳಿಯ ತವರಿಗೆ ಅಟ್ಟಿದರು.

ಮೊನ್ನೆ ಮಳವಳ್ಳಿ ಸಂತೆಯಲ್ಲಿ ನಿನ್ನನ್ನು ಕಂಡೆ. ಯಾರೋ ಹೆಂಗಸು ತನ್ನ ಮಗುವನ್ನು ಕ್ಷಣ ಹಿಡಿದುಕೋ ಎಂದಳು. ನೀನು ಕೈ ಹಿಂದಕ್ಕೆಳೆದುಕೊಂಡೆ. "ನನ್ ಕೈಗ್ ಬ್ಯಾಡ ಕಣವ್ವ, ಕೂಸ್ಗೆ ಆಗಾಕಿಲ್ಲ."

ಇಷ್ಟು ವರ್ಷ ನೀನೂ ಅದನ್ನೇ ನಂಬಿದ್ದೀಯೆ — ನನ್ನಿಂದ.

ನಾಳೆ ನಿನ್ನತ್ತೆಯ ಮನೆಗೆ ಹೋಗಿ, ಅವಳನ್ನೂ ನಿನ್ನ ಗಂಡನನ್ನೂ ಕರೆದುಕೊಂಡು ನಿನ್ನ ಬಾಗಿಲಿಗೆ ಬರುತ್ತೇನೆ. ಎಲ್ಲರೆದುರು ಹೇಳುತ್ತೇನೆ. ಅಂದು ನೀನು ಸಾಂಬ್ರಾಣಿ ಹಾಕಿರಲಿಲ್ಲ. ನನಗೆ ಗೊತ್ತಿತ್ತು.