ಅಕ್ಕನನ್ನು ಎತ್ತುವ ತೋಳು

ನನ್ನ ಹೊಲಿಗೆ ಅಂಗಡಿಯ ಮೇಲಿನ ಮನೆಯಲ್ಲಿ ಕಡ್ಡಿ ಮತ್ತು ಅವನ ಅಕ್ಕ ಇದ್ದರು. ಅವನಿಗೆ ಒಳ್ಳೆಯ ಹೆಸರೇ ಇತ್ತು, ಆದರೆ ಗಾಳಿ ಜೋರಾಗಿ ಬೀಸಿದರೆ ಕಂಬ ಹಿಡಿದುಕೊಳ್ಳಬೇಕಾದಂಥ ಮೈಯವನನ್ನು ಬೇರೇನೆಂದು ಕರೆಯುವುದು? ಕಾಳಿನ ಗೋದಾಮಿನಲ್ಲಿ ಅವನದು ತೂಕ ಮಾಡುವ ಕೆಲಸ. ಮೂಟೆ ಹೊರುವವರು ಹೊರುತ್ತಾರೆ, ಇವನು ತಕ್ಕಡಿಯ ಮುಂದೆ ನಿಂತು ತೂಕ ಕೂಗುತ್ತಾನೆ. ಆ ಅಭ್ಯಾಸ ಎಷ್ಟು ಅಂಟಿಕೊಂಡಿತ್ತೆಂದರೆ, ನನ್ನ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಡುವಾಗಲೂ ಅದರ ತೂಕ ಅವನ ಬಾಯಿಂದ ತಾನಾಗಿ ಬಂದುಬಿಡುತ್ತಿತ್ತು.

ಅಕ್ಕ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಮಂಚ ಬಿಟ್ಟು ಇಳಿದಿರಲಿಲ್ಲ. ತಾಯಿಯಿಲ್ಲದ ತಮ್ಮನನ್ನು ಸಾಕಿದವಳು. ಅವಳಿಗೆ ಉಳಿದಿದ್ದುದು ಒಂದೇ ಆಸೆ, ಕೆಳಗಿಳಿದು ನನ್ನ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಕೂರುವುದು. ಗೋದಾಮಿನ ಹಮಾಲರನ್ನು ಕರೆಸುತ್ತೇನೆಂದು ಕಡ್ಡಿ ಹೇಳಿದರೆ ಒಪ್ಪಲಿಲ್ಲ.

"ಕಂಡೋರ ಕೈಲಿ ಎತ್ತಿಸ್ಕೊಳ್ಳೋಕೆ ನಾನೇನು ಮೂಟೆನಾ? ನೀನು ಎತ್ತೋ, ಬರ್ತೀನಿ."

ಎತ್ತಲು ಹೋಗಿ ಕಡ್ಡಿ ಅವಳ ಸಮೇತ ಮಂಚದ ಮೇಲೆಯೇ ಕುಸಿದ. ನಮ್ಮ ಆ ಕಡಿದಾದ ಮೆಟ್ಟಿಲಲ್ಲಿ ಹಾಗಾಗಿದ್ದರೆ ಇಬ್ಬರ ಕಥೆಯೂ ಮುಗಿಯುತ್ತಿತ್ತು.

ಅಂದಿನಿಂದ ಅವನಿಗೆ ಮೈ ಬೆಳೆಸುವ ಹುಚ್ಚು ಹಿಡಿಯಿತು. ಹಿಡಿಕೆಯಿದ್ದ ಎರಡು ಎಣ್ಣೆ ಕ್ಯಾನುಗಳಿಗೆ ಮರಳು ತುಂಬಿದ. ಹಳೆಯ ಚೀಲಕ್ಕೆ ಇಟ್ಟಿಗೆ ಹಾಕಿ ಬೆನ್ನಿಗೇರಿಸಿ ಬಸ್ಕಿ ಹೊಡೆದ. ಸೈಕಲ್ ಟ್ಯೂಬನ್ನು ಕಿಟಕಿ ಸರಳಿಗೆ ಕಟ್ಟಿ ಎಳೆದ. ಇದ್ದುದು ಒಂದೇ ಕೋಣೆ, ಹಾಗಾಗಿ ಎಲ್ಲವೂ ಅಕ್ಕನ ಮಂಚದ ಪಕ್ಕದಲ್ಲೇ. ಸಂಜೆಯಾದರೆ ನನ್ನ ತಲೆಯ ಮೇಲೆ ಧಡ್ ಧಡ್. ಗಿರಾಕಿಗಳ ಬಟ್ಟೆಯ ಮೇಲೆ ಸುಣ್ಣ ಉದುರುತ್ತಿತ್ತು. ನಾನು ಕೋಲಿನಿಂದ ತಾರಸಿ ಕುಟ್ಟಿ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಭಾನುವಾರ ಬಂದರೆ ಪರೀಕ್ಷೆ, ಅಕ್ಕನನ್ನು ಎತ್ತಿ ನೋಡುವುದು.

ಮೊದಲು ಗೇಣು ಎತ್ತರ ಎತ್ತಿದ. ಆಮೇಲೆ ಎದೆಮಟ್ಟ. ಆಮೇಲೆ ಎತ್ತಿಕೊಂಡು ಕಿಟಕಿಯವರೆಗೆ ನಡೆದ. ಪ್ರತಿ ಸಲವೂ ಓಡಿ ಬಂದು ನನಗೆ ವರದಿ ಒಪ್ಪಿಸಬೇಕು.

"ಟೇಲರಮ್ಮ, ಅಕ್ಕ ಇವತ್ತು ಹತ್ತಿ ಥರ ಬಂದ್ಲು! ಆದ್ರೆ ಆ ಕ್ಯಾನು ಮಾತ್ರ ಬರ್ತಾ ಬರ್ತಾ ಭಾರ ಆಗ್ತಿದೆ. ಮೊದ್ಲು ಎತ್ತಿದಷ್ಟೂ ಈಗ ಎತ್ತೋಕಾಗಲ್ಲ."

"ಮರಳು ಥಂಡಿ ಹೀರಿರ್ಬೇಕು ಕಣೋ."

"ಬಿಸಿಲಿಗೆ ಹರಡಿ ಒಣಗಿಸ್ದೆ. ಒಂದಷ್ಟು ತೆಗೆದೂ ಹಾಕ್ದೆ. ಯಾರೋ ಅಕ್ಕನ ಭಾರ ಕದ್ದು ಅದಕ್ಕೆ ತುಂಬ್ತಿರೋ ಹಾಗಿದೆ," ಎಂದು ನಕ್ಕ. ನನಗೆ ನಗು ಬರಲಿಲ್ಲ.

ಒಂದು ದಿನ ಗೋದಾಮಿಗೆ ಹೋಗುತ್ತಾ ಅಂಗಿ ಹೊಲಿಸಲು ಬಂದ. "ತೋಳು ಸಡಿಲ ಇಡಿ, ದಪ್ಪ ಆಗಿದೆ." ಟೇಪು ಸುತ್ತಿದೆ. ಹಿಂದಿನ ಅಂಗಿಯ ಅಳತೆಯೇ, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಮತ್ತೆ ಸುತ್ತಿದೆ, ಅದೇ. ತೋಳು ಬೆಳೆದೇ ಇಲ್ಲವೆಂದರೆ, ಇವನು ಅಷ್ಟು ಹಗುರವಾಗಿ ಎತ್ತುತ್ತಿರುವುದು ಏನನ್ನು?

ಅವನು ಅತ್ತ ಹೋದದ್ದೇ ನಾನು ಮೆಟ್ಟಿಲು ಹತ್ತಿದೆ. ಅಕ್ಕ ಕುತ್ತಿಗೆಯವರೆಗೆ ಹೊದ್ದಿದ್ದಳು. ಹೊದಿಕೆಯ ಕೆಳಗೆ ಯಾರೂ ಇಲ್ಲವೇನೋ ಎನ್ನುವಷ್ಟು ಅದು ಚಪ್ಪಟೆಯಾಗಿತ್ತು. ಮುಖವೊಂದೇ ದಿಂಬಿನ ಮೇಲೆ ನಗುತ್ತಿತ್ತು. ಕಾಲಿಗೆ ಅಡ್ಡ ಬಂದ ಕ್ಯಾನನ್ನು ಸರಿಸಲು ಹಿಡಿಕೆ ಹಿಡಿದೆ. ನೆಲಕ್ಕೆ ಬೇರು ಬಿಟ್ಟಂತೆ ಅದು ಅಲುಗಲಿಲ್ಲ. ಒಳಗೆ ಮರಳು ಅರ್ಧವೂ ಇರಲಿಲ್ಲ.

"ಏನಕ್ಕಾ ಇದು? ಊಟ ಮಾಡ್ತಿದ್ದೀರೋ ಇಲ್ವೋ?"

"ಸೇರಲ್ಲ ಕಣೇ. ನನ್ನ ಪಾಲಿನ ಹಾಲು, ಮೊಟ್ಟೆ ಅವನ ಕಡೆಗೇ ತಳ್ತೀನಿ. ಮೈ ಬೆಳೆಸೋನಿಗೆ ಬೇಕಲ್ಲ. ನಂದಾಯ್ತು ಅಂದ್ರೆ ನಂಬ್ತಾನೆ." ಕೈ ಹೊರಗೆ ತೆಗೆದು ನನ್ನ ಬೆರಳು ಹಿಡಿದಳು. ಹಿಡಿದದ್ದು ಕಣ್ಣಿಗೆ ಕಂಡಿತು, ಬೆರಳಿಗೆ ಗೊತ್ತಾಗಲಿಲ್ಲ. "ಎತ್ತಿದಾಗ ಅವನ ಮುಖ ನೋಡ್ಬೇಕು ನೀನು. ಕೆಳಗೆ ಇಳಿಸೋವರೆಗೂ ಬಾಯ್ಬಿಡಬೇಡ."

ಬಾಯಿ ಮುಚ್ಚಿಕೊಂಡಿರುವ ಜಾತಿ ನನ್ನದಲ್ಲ. ಸಂಜೆ ಅವನು ಬಂದೊಡನೆ ಹೇಳಿ, ಡಾಕ್ಟರ ಹತ್ತಿರ ಕರೆದೊಯ್ಯಲೇಬೇಕೆಂದು ನಿರ್ಧರಿಸಿದೆ. ಆದರೆ ಅವನು ಮಧ್ಯಾಹ್ನವೇ ಬಂದು, ನಾನು ಗಿರಾಕಿಯೊಬ್ಬಳ ಜೊತೆ ಜಗಳವಾಡುತ್ತಿದ್ದಾಗ ಮೇಲೆ ಹೋಗಿಬಿಟ್ಟಿದ್ದ. ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಒಬ್ಬನೇ ಆರಾಮಾಗಿ ಇಳಿದು ಬರುವ ಹೆಜ್ಜೆ.

ಅಕ್ಕ ಅವನ ಒಂದೇ ತೋಳಿನಲ್ಲಿದ್ದಳು. ಇನ್ನೊಂದು ಕೈಯಲ್ಲಿ ಕುರ್ಚಿ.

"ನೋಡಿ ಟೇಲರಮ್ಮ, ಏದುಸಿರೂ ಇಲ್ಲ!"

ಬೀದಿಗೆ ಕಾಲಿಟ್ಟು ಕುರ್ಚಿ ಕೆಳಗಿಟ್ಟ. ಅಕ್ಕನನ್ನು ಎರಡೂ ಕೈಗೆ ತೆಗೆದುಕೊಂಡು ಹಿಡಿತ ಸರಿಮಾಡಿಕೊಂಡ. ಹಾಗೆ ಮಾಡುವಾಗ ಅವನ ಬಾಯಿ ತನ್ನ ಪಾಡಿಗೆ ತಾನು ಕೂಗಿತು: "ಹತ್ತೊಂಬತ್ತು ಕಿಲೋ."

ಕೂಗಿದವನು ತಾನೇ ಕೇಳಿಸಿಕೊಂಡ. ಮುಖದ ಬಣ್ಣ ಇಳಿದುಹೋಯಿತು. ಅಕ್ಕ ಬಿಸಿಲಿಗೆ ಮುಖವೊಡ್ಡಿ ಕಣ್ಣು ಮುಚ್ಚಿದ್ದಳು.

"ಕೂರಿಸೋ, ಎಷ್ಟು ಹೊತ್ತು ಹಿಡ್ಕೊಂಡಿರ್ತೀಯ. ಕೈ ನೋಯುತ್ತೆ."

ಕಡ್ಡಿ ಅವಳನ್ನು ಎದೆಗೆ ಅವುಚಿಕೊಂಡು ನಡುಬೀದಿಯಲ್ಲಿ ಗೊಳೋ ಎಂದು ಅತ್ತ.

"ನೋಯ್ತಾನೇ ಇಲ್ಲ ಅಕ್ಕ," ಎಂದ. "ಒಂಚೂರೂ ನೋಯ್ತಾ ಇಲ್ಲ."