ಬುಟ್ಟಿಯಲ್ಲಿ ಎರಡು, ಚೀಲದಲ್ಲಿ ಒಂದು

ಈಗಲೂ ಯಾರ ಮನೆಯಲ್ಲಾದರೂ ನಾಯಿಮರಿ ಕುಂಯ್‌ಗುಟ್ಟಿದರೆ ನನ್ನ ಅಂಗೈ ಬೆವರುತ್ತದೆ. ಮನೆಯವರು ನಗುತ್ತಾರೆ. ನಗಲಿ. ಮುಧೋಳ ನಾಯಿಗಳ ನಡುವೆ ಆಡಿ ಬೆಳೆದವಳು ಗೇಣುದ್ದದ ಮರಿಗೆ ಹೆದರುತ್ತಾಳೆಂದರೆ ಯಾರಿಗಾದರೂ ನಗು ಬರುವಂಥದ್ದೇ.

ಮೊದಲು ನಾನು ಹೀಗಿರಲಿಲ್ಲ. ಹಿಪ್ಪರಗಿ ಹತ್ತಿರ ಹೊಳೆಯ ದಂಡೆಯಲ್ಲಿ ಮೊಸಳೆಯೊಂದು ಬಾಯಿ ತೆರೆದುಕೊಂಡು ಬಿಸಿಲು ಕಾಯುತ್ತಿದ್ದಾಗ ಜೊತೆಗಿದ್ದವರೆಲ್ಲ ಬಟ್ಟೆ ಬಿಟ್ಟು ಓಡಿದರು. ನಾನು ಒಗೆದ ಸೀರೆ ಹಿಂಡಿಕೊಂಡೇ ಬಂದೆ. ಕಾಡುಹಂದಿಯೊಂದು ಕಬ್ಬಿನಿಂದ ನುಗ್ಗಿ ನನ್ನ ಸ್ಕೂಟಿಯ ಮುಂದೆ ದಾಟಿದಾಗ ಗಾಡಿ ನಿಲ್ಲಿಸಿ ಹಂದಿಗೇ ಬೈದಿದ್ದೆ. ಇದನ್ನೆಲ್ಲ ಶಾಲೆಯ ಸ್ಟಾಫ್ ರೂಮಿನಲ್ಲಿ ಉಪ್ಪುಕಾರ ಹಚ್ಚಿ ಹೇಳುವುದೆಂದರೆ ನನಗೆ ಬಲು ಖುಷಿ.

ನಾನು ಜಮಖಂಡಿಯಲ್ಲಿ ಟೀಚರ್, ಗಂಡನದು ಬ್ಯಾಂಕಿನ ನೌಕರಿ. ಹುನ್ನೂರ ಕಡೆ ನಮ್ಮ ಮೂರು ಎಕರೆ ಕಬ್ಬು ಇದೆ. ಹೊಲದ ಒಂದು ಬದಿಗೆ ರಸ್ತೆ, ಇನ್ನೊಂದು ಬದಿಗೆ ಕಲ್ಲುಗುಡ್ಡ. ಕಬ್ಬು ಕಡಿಯುವ ಗ್ಯಾಂಗು ಬಂದಾಗ ಮನೆಯವರು ಯಾರಾದರೊಬ್ಬರು ಹೊಲದಲ್ಲಿ ನಿಲ್ಲಬೇಕು. ಆ ಸಲ ಗಂಡನಿಗೆ ರಜೆ ಸಿಗದೆ ನಾನೇ ನಿಂತೆ.

ಗ್ಯಾಂಗಿನಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಇಪ್ಪತ್ತು ದಾಟಿರಬೇಕು. ಆಕೆಗೆ ಐದು ತಿಂಗಳ ಹೆಣ್ಣುಕೂಸು. ಒಡ್ಡಿನ ಮೇಲಿನ ಬೇವಿನ ಮರದ ತಗ್ಗು ಕೊಂಬೆಗೆ ಹಳೆಯ ಸೀರೆಯ ಜೋಳಿಗೆ ಕಟ್ಟಿ, ಅದರೊಳಗೆ ಕೂಸನ್ನು ಮಲಗಿಸಿ ಕೆಲಸಕ್ಕೆ ಇಳಿಯುತ್ತಿದ್ದಳು. ಮೊದಲ ದಿನವೇ ನಾನು ಕೈ ಚಾಚಿದರೆ ಹಿಂದೆಮುಂದೆ ನೋಡದೆ ಕೊಟ್ಟಿದ್ದಳು. "ಹಿಡ್ಕೊಳ್ರಿ ಅಕ್ಕಾರ, ನಿಮ್ಮ ಕೈಯಾಗ ಅಳಂಗಿಲ್ಲ ನೋಡ್ರಿ ಅದು" ಎಂದಿದ್ದಳು. ಎರಡು ದಿನ ಕೂಸು ನನ್ನ ತೊಡೆಯ ಮೇಲೆಯೇ ಹೆಚ್ಚು ಇತ್ತು. ನನ್ನ ಕಾವಲಿದೆಯೆಂದು ತಾಯಿ ನಿಶ್ಚಿಂತೆಯಿಂದ ಹೊಲದ ಆ ತುದಿಯವರೆಗೂ ಹೋಗಿ ಬರುತ್ತಿದ್ದಳು.

ಮೂರನೆಯ ದಿನ ಬೆಳಿಗ್ಗೆ ಗುಡ್ಡದ ಕಡೆಯ ಕಬ್ಬು ಕಡಿಯುವಾಗ ಒಡ್ಡಿನಲ್ಲೊಂದು ಬಿಲದಂಥ ಗುದ್ದು ಕಂಡಿತು. ಅದರ ಬಾಯಲ್ಲೇ ಮೂರು ಮರಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಗ್ಯಾಂಗನ್ನು ನಡೆಸುವ ಮುಕದ್ದಮ ಅವನ್ನು ಬುಟ್ಟಿಯಲ್ಲಿ ಹಾಕಿಕೊಂಡು ನನ್ನ ಹತ್ತಿರ ತಂದ. ಅಲ್ಲೇ ಬಿಟ್ಟರೆ ಟ್ರ್ಯಾಕ್ಟರಿನ ಗಾಲಿಗೆ ಸಿಗುತ್ತವೆಂದು ಅವನ ಆತಂಕ.

ನಾಯಿಯ ವಿಷಯ ಬಂದರೆ ನನ್ನ ಮುಂದೆ ಯಾರೂ ಬಾಯಿ ಬಿಡಬಾರದು. ಮುಧೋಳದ ಹತ್ತಿರದ ನನ್ನ ತವರಿನಲ್ಲಿ ಅಜ್ಜನ ಕಾಲದಿಂದ ಬೇಟೆನಾಯಿ ಸಾಕುತ್ತ ಬಂದಿದ್ದಾರೆ. ಮರಿ ಆರಿಸಲು ಅಪ್ಪ ಒಂದು ಪರೀಕ್ಷೆ ಮಾಡುತ್ತಿದ್ದರು. ಕುತ್ತಿಗೆಯ ತೊಗಲು ಹಿಡಿದು ಮೇಲೆತ್ತುವುದು. ಕುಂಯ್ ಎಂದು ಒದ್ದಾಡಿದರೆ ಕೆಳಗೆ ಬಿಡುವುದು, ಸದ್ದಿಲ್ಲದೆ ಕಾಲು ಮಡಚಿಕೊಂಡರೆ ಅದು ಜಾತಿ ಮರಿ. ನಾನೂ ಒಂದೊಂದನ್ನೇ ಹಾಗೆ ಎತ್ತಿದೆ. ಹೊಗೆ ಬಣ್ಣ, ಎದೆಯ ಮೇಲೆ ಬಿಳಿ ಮಚ್ಚೆ. ಮೂರೂ ಕಾಲು ಮಡಚಿಕೊಂಡು ಸುಮ್ಮನೆ ಜೋತಾಡಿದವು.

"ಅಪ್ಪಟ ಮುಧೋಳದ್ದು. ಯಾರದೋ ನಾಯಿ ತಪ್ಪಿಸಿಕೊಂಡು ಬಂದು ಇಲ್ಲಿ ಮರಿ ಹಾಕೈತಿ" ಎಂದು ತೀರ್ಪು ಕೊಟ್ಟೆ.

ಕೂಸಿಗೆ ಹಾಲು ಕುಡಿಸುತ್ತ ಕುಳಿತಿದ್ದ ಆ ಹೆಣ್ಣುಮಗಳು ಬುಟ್ಟಿಯೊಳಗೆ ಬಗ್ಗಿ ನೋಡಿದಳು.

"ಅಕ್ಕಾರ, ಇವು ನಾಯಿ ಮರಿ ಅಲ್ಲ ಅನಸ್ತೈತ್ರಿ. ತೋಳದ್ದ ಇರಬೇಕ್ರಿ. ನಮ್ಮೂರಾಗ ಕುರಿಯವರು ಒಮ್ಮಿ ತೋರಿಸಿದ್ರು."

ನನಗೆ ಸಿಟ್ಟು ಬಂತು. "ಮುಧೋಳದಾಕಿಗೆ ನಾಯಿ ಗುರ್ತಾ ಹಿಡಿಯೂದು ಕಲಸ್ತೀಯೇನ? ನಡಿ, ನಿನ್ನ ಕೆಲಸಾ ನೋಡ್ಕೋ."

"ಆತ್ರಿ" ಎಂದಳು. ಕೂಸನ್ನು ಜೋಳಿಗೆಯಲ್ಲಿ ಮಲಗಿಸಿ, ಬುಟ್ಟಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಕುಡಗೋಲು ಎತ್ತಿಕೊಂಡು ಹೋದಳು. ಮುಕದ್ದಮನೂ ಅವಳ ಹಿಂದೆ ಹೊರಟ. ಹೊಲದ ಒಡತಿಯ ಮಾತಿಗೆ ಎದುರಾಡುವವರು ಯಾರು?

ನಾನು ಮರಿಗಳ ಫೋಟೋ ತೆಗೆದು ತವರಿನಲ್ಲಿರುವ ತಮ್ಮನಿಗೆ ಕಳಿಸಿದೆ. ಎಲ್ಲಕ್ಕಿಂತ ದಿಟ್ಟವಾಗಿದ್ದ ಒಂದನ್ನು ಅವನಿಗೆಂದೇ ಆರಿಸಿ ನನ್ನ ಊಟದ ಚೀಲದಲ್ಲಿ ಟವೆಲ್ ಸುತ್ತಿ ಇಟ್ಟುಕೊಂಡೆ. ಉಳಿದೆರಡಕ್ಕೆ ಬಿಸಿಲು ತಾಗದಿರಲೆಂದು ಬುಟ್ಟಿಯನ್ನು ಬೇವಿನ ನೆರಳಿಗೆ ಸರಿಸಿದೆ. ನೆರಳಿದ್ದದ್ದು ಜೋಳಿಗೆಯ ಕೆಳಗೆ. ಅಲ್ಲೇ ಇಟ್ಟೆ. ನನ್ನ ಕೈಯಾರೆ ಇಟ್ಟೆ.

ಹತ್ತು ಗಂಟೆಯ ಹೊತ್ತು. ಗ್ಯಾಂಗಿನವರೆಲ್ಲ ರಸ್ತೆಯ ಕಡೆ ಟ್ರ್ಯಾಕ್ಟರಿಗೆ ಕಬ್ಬು ಹೇರುತ್ತಿದ್ದರು. ಚೀಲವನ್ನು ಹೆಗಲಿಗೆ ಹಾಕಿಕೊಂಡು ನಾನು ಬೋರಿನ ಹತ್ತಿರ ಕೊಡ ತುಂಬಿಸಲು ಹೋದೆ. ಮರದಿಂದ ಇಪ್ಪತ್ತು ಹೆಜ್ಜೆ, ಅಷ್ಟೇ. ಕೊಡ ತುಂಬಿ ತಿರುಗಿ ನೋಡಿದರೆ ಗುಡ್ಡದ ಕಡೆಯಿಂದ ಕಡಿದ ಕೂಳೆಯ ಮೇಲೆ ನಾಯಿಯೊಂದು ಬರುತ್ತಿತ್ತು. ಉದ್ದ ಕಾಲು, ಒಣಗಿದ ಹೊಟ್ಟೆ, ಕೆಳಗೆ ಜೋತ ಮೊಲೆಗಳು. ತಾಯಿ ಬಂತಲ್ಲ ಎಂದು ಹಿಗ್ಗಿದೆ. ನನ್ನ ಮಾತು ಖರೆಯಾಯಿತೆಂಬ ಹಿಗ್ಗು ಅದಕ್ಕಿಂತ ಹೆಚ್ಚು. ತವರಿನಲ್ಲಿ ಕರೆಯುವಂತೆ ನಾಲಿಗೆ ಲೊಚಗುಟ್ಟಿ ಕರೆದೆ.

ನಾಯಿಯಾಗಿದ್ದರೆ ಬಾಲ ಅಲುಗುತ್ತಿತ್ತು. ಇದರ ಕಿವಿ ಮಾತ್ರ ನನ್ನ ಕಡೆ ತಿರುಗಿತು. ಬಾಲ ಇಳಿಬಿದ್ದಂತೆಯೇ ಇತ್ತು. ನಾಯಿ ಮನುಷ್ಯರ ಮುಖ ನೋಡುತ್ತದೆ. ಇದು ನನ್ನ ಮುಖದ ಕಡೆ ನೋಡಲೇ ಇಲ್ಲ, ಹಳದಿ ಕಣ್ಣಿನಿಂದ ನನ್ನ ಬಲಗೈಯನ್ನೇ ನೋಡಿತು. ಕುತ್ತಿಗೆಯ ಮೇಲಿನ ಕೂದಲು ನಿಗುರಿ ನಿಂತಿತ್ತು. ಆಗ ತಿಳಿಯಿತು ನನಗೆ. ಕೂಗಬೇಕೆಂದರೆ ಬಾಯಿಂದ ಗಾಳಿ ಮಾತ್ರ ಬಂತು.

ತೋಳ ಮರದ ಕೆಳಗೆ ಹೋಗಿ ನಿಂತಿತು. ಅದರ ಬೆನ್ನಿನಿಂದ ಜೋಳಿಗೆಯ ತಳಕ್ಕೆ ಒಂದು ಗೇಣೂ ಅಂತರವಿರಲಿಲ್ಲ. ಕೂಸು ನಿದ್ದೆಯಲ್ಲಿ ಕಾಲು ಝಾಡಿಸಿದರೆ ಸೀರೆಯ ಬಟ್ಟೆ ಉಬ್ಬಿ ತೋಳದ ಬೆನ್ನಿಗೆ ತಾಗುತ್ತಿತ್ತು. ಅದು ಮೂಗೆತ್ತಿ ಆ ಬಟ್ಟೆಯನ್ನು ಮೂಸಿತು. ನಾನು ಒಂದು ಹೆಜ್ಜೆ ಕೂಡ ಮುಂದಿಡಲಿಲ್ಲ. ಎಲ್ಲಿಂದ ಇಡಲಿ? ನನ್ನ ಧೈರ್ಯವೆಲ್ಲ ಸ್ಟಾಫ್ ರೂಮಿನದು.

ಅಷ್ಟರಲ್ಲಿ ಚೀಲದೊಳಗಿನ ನನ್ನ ಫೋನು ಜೋರಾಗಿ ಹೊಡೆದುಕೊಂಡಿತು. ಬೆಚ್ಚಿದ ಕೂಸು ಎದ್ದು ಚೀರತೊಡಗಿತು. ತೋಳ ತಲೆ ತಗ್ಗಿಸಿ ಹಲ್ಲು ತೋರಿಸಿತು.

"ಅಕ್ಕಾರ, ಓಡಬ್ಯಾಡ್ರಿ." ನನ್ನ ಬೆನ್ನ ಹಿಂದೆ ಮೆಲ್ಲಗಿನ ದನಿ. ಕೂಸಿಗೆ ಹಾಲು ಕುಡಿಸುವ ಹೊತ್ತಾಯಿತೆಂದು ತಾಯಿ ಬಂದಿದ್ದಳು. "ಕೈಯಾಗಿನ ಕಲ್ಲ ಕೆಳಗ ಬಿಡ್ರಿ. ಅದನ್ನ ನೋಡಾಕತ್ತೈತಿ."

ನನ್ನ ಕೈಯಲ್ಲಿ ಕಲ್ಲಿತ್ತು. ಯಾವಾಗ ಎತ್ತಿಕೊಂಡೆನೋ ಈಗಲೂ ನೆನಪಿಲ್ಲ. ಬಿಟ್ಟೆ. ಆಕೆ ತನ್ನ ಕುಡಗೋಲನ್ನೂ ನೆಲಕ್ಕಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕುಳಿತಳು. ಕೂಸು ಅಳುತ್ತಿತ್ತು, ಆಕೆ ಹಾಲು ಸೋರಿ ಕುಪ್ಪಸದ ಎದೆ ತೋಯಿಸಿಕೊಂಡು ಕುಳಿತಿದ್ದಳು. ಆದರೂ ಸದ್ದು ಮಾಡಲಿಲ್ಲ.

ತೋಳ ಬುಟ್ಟಿಗೆ ಬಾಯಿ ಹಾಕಿ ಒಂದು ಮರಿಯ ಕುತ್ತಿಗೆಯ ತೊಗಲು ಹಿಡಿದೆತ್ತಿತು. ಮರಿ ಕಾಲು ಮಡಚಿಕೊಂಡಿತು. ಅದನ್ನು ಕಚ್ಚಿಕೊಂಡು ತೋಳ ಗುಡ್ಡದ ಕಡೆ ಓಡಿದ ಕೂಡಲೇ ಕೂಸಿನ ತಾಯಿ ಎದ್ದು ಹಾರಿದಳು. ಗಂಟು ಬಿಚ್ಚುವ ತಾಳ್ಮೆಯೂ ಇಲ್ಲದೆ ಜೋಳಿಗೆಯಿಂದ ಕೂಸನ್ನು ಸೆಳೆದುಕೊಂಡು ನನ್ನ ಹತ್ತಿರ ಓಡಿ ಬಂದಳು. ರಸ್ತೆಯ ಕಡೆ ಹೋಗೋಣವೆಂದರೆ ಬಟಾಬಯಲು, ಕಾಲಲ್ಲಿ ಚುಚ್ಚುವ ಕೂಳೆ. ಬೋರಿನ ಪಕ್ಕದ ತೊಟ್ಟಿಯ ಗೋಡೆಗೆ ಆತು ನಿಂತೆವು. ತೋಳ ಮತ್ತೆ ಬಂತು, ಎರಡನೆಯದನ್ನೂ ಒಯ್ದಿತು.

"ಆತ್ರಿ ಅಕ್ಕಾರ, ಮುಗೀತು" ಎಂದು ಆಕೆ ಉಸಿರು ಬಿಟ್ಟಳು.

ಮುಗಿದಿಲ್ಲವೆಂದು ನನಗೆ ಗೊತ್ತಿತ್ತು. ತೋಳ ಮೂರನೆಯ ಸಲ ಬಂದು, ಬರಿದಾದ ಬುಟ್ಟಿಯನ್ನು ಕೆಡವಿ, ಸುತ್ತಲೂ ಮೂಸಿ, ತಲೆ ಎತ್ತಿತು. ಅದೇ ಹೊತ್ತಿಗೆ ನನ್ನ ಚೀಲದೊಳಗೆ ಕುಂಯ್ ಎಂಬ ಸದ್ದಾಯಿತು. ಕುಂಯ್ ಎನ್ನದ ಜಾತಿ ಮರಿ ಅದು! ತೋಳ ನೇರ ನಮ್ಮ ಕಡೆ ಹೊರಟಿತು.

ಆಕೆ ನನ್ನ ಚೀಲ ನೋಡಿದಳು. "ಇನ್ನೊಂದ ನಿಮ್ಮ ಹಂತ್ಯಾಕ ಐತೇನ್ರಿ?"

ತಲೆಯಾಡಿಸಿದೆ. ಆಕೆ ಬಯ್ಯಲಿಲ್ಲ. ಕೂಸನ್ನು ಸೆರಗಿನಿಂದ ಬಿಗಿಯಾಗಿ ಸುತ್ತಿಕೊಂಡು ನನ್ನಿಂದ ದೂರ ಸರಿದಳು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಚೀಲವಿದ್ದ ನನ್ನನ್ನು ತೋಳಕ್ಕೆ ಬಿಟ್ಟಂತೆ. ತಪ್ಪೇನಿಲ್ಲ, ನಾನಾದರೂ ಅದನ್ನೇ ಮಾಡುತ್ತಿದ್ದೆ.

ಚೀಲವನ್ನು ಹೇಗೆ ಇಳಿಸಿದೆನೋ, ಟವೆಲ್ ಹೇಗೆ ಬಿಚ್ಚಿದೆನೋ. ತೋಳ ಐದಾರು ಮಾರು ದೂರದಲ್ಲಿ ನಿಂತಿತ್ತು. ಅದರ ಮೂಗಿನ ಮೇಲೆ ಹಸಿ ಮಣ್ಣು ಕಾಣುತ್ತಿತ್ತು. ಮರಿಯನ್ನು ನೆಲದ ಮೇಲಿಟ್ಟು, ತೋಳಕ್ಕೆ ಬೆನ್ನು ಕೊಡದೆ ಹಿಂದೆ ಸರಿದೆ. ಕೊಡಕ್ಕೆ ಕಾಲು ತಾಗಿ ಬಿದ್ದೆ. ಮುಖದ ಮೇಲೆಯೇ ಬರುತ್ತದೆಂದು ಕಣ್ಣು ಮುಚ್ಚಿದೆ. ಕಣ್ಣು ತೆರೆದಾಗ ಅದು ಕೂಳೆಯ ಮೇಲೆ ದೂರ ಹೋಗುತ್ತಿತ್ತು, ಬಾಯಲ್ಲಿ ಮರಿ ಜೋತಾಡುತ್ತಿತ್ತು.

ಆಮೇಲೆ ಗ್ಯಾಂಗಿನವರು ಓಡಿ ಬಂದರು, ಬಡಿಗೆ ಹಿಡಿದು ಗುಡ್ಡದವರೆಗೆ ಹೋಗಿ ಬಂದರು, ಏನೂ ಸಿಗಲಿಲ್ಲ. ಫೋನು ಮತ್ತೆ ಹೊಡೆದುಕೊಂಡಿತು. ತಮ್ಮ ಒದರುತ್ತಿದ್ದ. "ಅಕ್ಕಾ, ಎಷ್ಟ ಸಲ ಹಚ್ಚಲಿ? ಅವು ನಾಯಿ ಅಲ್ಲ, ಲಗೂನ ಇದ್ದಲ್ಲೇ ಬಿಟ್ಟು ಬಾ." ಫೋನು ಇಟ್ಟೆ. ಬುಟ್ಟಿಯನ್ನು ಅಲ್ಲಿಟ್ಟವರು ಯಾರೆಂದು ಮುಕದ್ದಮ ಕೇಳಿದ. ಆ ಹೆಣ್ಣುಮಗಳು ನನ್ನ ಕಡೆ ಬೆರಳು ತೋರಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗ ತೋಳದ ಹೆದರಿಕೆಗಿಂತ ಈ ಮಾತಿಗೇ ಹೆಚ್ಚು ನಾಚಿಕೆಯಾಗುತ್ತಿದೆ.

ಮರುದಿನ ಬೇವಿನ ಮರಕ್ಕೆ ಜೋಳಿಗೆ ಕಟ್ಟಲಿಲ್ಲ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಆಕೆ ಕಬ್ಬು ಕಡಿದಳು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಹತ್ತಿರ ಹೋಗಿ ಎಂದಿನಂತೆ ಕೈ ಚಾಚಿದೆ.

"ಇರ್ಲಿ ಬಿಡ್ರಿ ಅಕ್ಕಾರ, ನಿದ್ದಿ ಹತ್ತೈತಿ" ಎಂದಳು.

ಕೂಸು ಆಕೆಯ ಹೆಗಲ ಮೇಲಿಂದ ಕಣ್ಣರಳಿಸಿ ನನ್ನನ್ನೇ ನೋಡುತ್ತಿತ್ತು.