ಹಳದಿ ಸುತ್ತಿನ ಟೀಚರ್

ಮೂರನೇ ಮಹಡಿಯ ಕಂಪ್ಯೂಟರ್ ತರಬೇತಿ ಕೋಣೆಯಲ್ಲಿ ಹಳದಿ ಟೀಚರ್ ಎಂದರೆ ಎಲ್ಲರಿಗೂ ಒಂದಿಷ್ಟು ಭಯ, ಅದಕ್ಕಿಂತ ಹೆಚ್ಚು ಸಲಿಗೆ. ಗೋಡೆಯ ದೊಡ್ಡ ಪರದೆಯಲ್ಲಿ ಅವಳ ಮೌಸಿನ ಬಾಣ ಹೋದಲ್ಲೆಲ್ಲ ಒಂದು ಹಳದಿ ಸುತ್ತು ಜೊತೆಗೇ ಹೋಗುತ್ತಿತ್ತು. ಒತ್ತಬೇಕಾದ ಗುಂಡಿ ಬಂತೆಂದರೆ ಪರದೆಯ ಪೆನ್ನಿನಿಂದ ಅದರ ಸುತ್ತ ಕೆಂಪು ಗೆರೆ ಎಳೆಯುವಳು.

"ಹಳದಿ ಎಲ್ಲಿದೆಯೋ ಅಲ್ಲೇ ಕಣ್ಣಿಡಿ. ಕೆಂಪು ಬಿದ್ಮೇಲೆ ಒತ್ತಿ. ಅಲ್ಲಿವರೆಗೂ ಕೈ ತುರಿಸಿದ್ರೂ ಮೌಸ್ ಮುಟ್ಟಬೇಡಿ!"

"ಹ್ಞೂಂ ಟೀಚರ್," ಎನ್ನುತ್ತಿದ್ದರು ಹೆಂಗಸರು. ಮಕ್ಕಳು ದೊಡ್ಡವರಾದ ಮೇಲೆ ಕೆಲಸ ಹುಡುಕಿಕೊಂಡು ಬಂದವರು ಅವರು. ಆಸ್ಪತ್ರೆಯ ಕೌಂಟರಿನಲ್ಲಿ ರೋಗಿಗಳ ವಿವರ ತುಂಬುವ ಸಾಫ್ಟ್‌ವೇರ್ ಕಲಿಯುತ್ತಿದ್ದರು.

ಮನೆಯಲ್ಲಿ ಅವಳ ಮಾತಿಗೆ ಅಂಥ ಬೆಲೆಯೇನಿರಲಿಲ್ಲ. ಗಂಡ "ಇವಳೇ" ಎಂದು ಕರೆಯುತ್ತಿದ್ದ, ಅತ್ತೆ ಹಾಗೂ ಕರೆಯದೆ ಲೋಟ ಕುಟ್ಟುತ್ತಿದ್ದರು. ತಾನು ಬೆರಳು ತೋರಿಸಿದ ಕಡೆ ಜನ ನೋಡುವ ಜಾಗ ಅಂತ ಅವಳಿಗಿದ್ದದ್ದು ಆ ಕೋಣೆಯೊಂದೇ.

ಅದಕ್ಕೇ ಕಣ್ಣಿನ ಡಾಕ್ಟರ್ ಹೇಳಿದ್ದನ್ನು ಅವಳು ಯಾರಿಗೂ ಬಾಯಿ ಬಿಡಲಿಲ್ಲ. "ನಡುವಿನ ನೋಟ ಹೋಗುತ್ತಮ್ಮ, ಅಂಚು ಉಳಿಯುತ್ತೆ. ಇದಕ್ಕೆ ಔಷಧಿ ಇಲ್ಲ," ಎಂದಿದ್ದರು ಅವರು. ನೇರ ನೋಡಿದ್ದೇ ಮಾಯ, ಪಕ್ಕದ್ದು ಮಾತ್ರ ಕಾಣುವುದು. ಇದೆಂಥ ಕುರುಡಪ್ಪಾ, ದೇವರಿಗೂ ಕುಚೋದ್ಯ! ಅವಳು ಹಳದಿ ಸುತ್ತನ್ನು ದೊಡ್ಡದು ಮಾಡುತ್ತ ಹೋದಳು. ಅಂಗಿಯ ಗುಂಡಿಯಷ್ಟಿದ್ದದ್ದು ಬಳೆಯಷ್ಟಾಯಿತು, ಬಳೆಯಷ್ಟಿದ್ದದ್ದು ತಟ್ಟೆಯಷ್ಟಾಯಿತು. "ಏನ್ ಟೀಚರ್, ಸೂರ್ಯನ್ನೇ ಇಳಿಸಿಬಿಟ್ರಾ?" ಎಂದು ಹಿಂದಿನ ಸಾಲಿನ ದಪ್ಪಕ್ಕ ನಕ್ಕಾಗ ಅವಳೂ ನಕ್ಕಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ದಿನ ದೂಡುತ್ತಿದ್ದಳು, ಪಾಪ.

ಪರದೆಯ ಪೆನ್ನಿಗೆ ಒಂದು ಕೆಟ್ಟ ಗುಣವಿದೆ. ಅದರ ಗೆರೆ ಗಾಜಿನ ಮೇಲೆ ಬರೆದ ಹಾಗೆ. ಅಡಿಯಲ್ಲಿ ಪುಟ ಬದಲಾದರೂ ಗೆರೆ ಇದ್ದಲ್ಲೇ ಇರುತ್ತದೆ. ಮೊದಲು ಒರೆಸು, ಆಮೇಲೆ ಮುಂದಿನ ಪುಟಕ್ಕೆ ಹೋಗು. ಹೊಸ ಟೀಚರುಗಳಿಗೆ ಇದನ್ನು ತಲೆಗೆ ಮೊಟಕಿ ಕಲಿಸಿದವಳೂ ಇವಳೇ.

ಅಂದು ಮಧ್ಯಾಹ್ನ ಆಸ್ಪತ್ರೆಯ ಅಧಿಕಾರಿ ಬರುವವರಿದ್ದರು. ಹೆಂಗಸರು ವಾರಗಟ್ಟಲೆ ತುಂಬಿಟ್ಟ ವಿವರಗಳನ್ನು ನೋಡಿ ಕೆಲಸಕ್ಕೆ ಆರಿಸಿಕೊಳ್ಳುವುದಿತ್ತು. ಬೆಳಿಗ್ಗೆ ಕೊನೆಯ ಸಲ ಎಲ್ಲವನ್ನೂ ಸೇವ್ ಮಾಡಿಸಲು ನಿಂತಳು. ಸೇವ್ ಗುಂಡಿಗೆ ಕೆಂಪು ಸುತ್ತು ಹಾಕಿದಳು, ಎಲ್ಲರೂ ಒತ್ತಿದರು. ಮುಂದಿನ ಪುಟ ಬಂತು. ಅಲ್ಲೂ ಇನ್ನೊಮ್ಮೆ ಸೇವ್ ಮಾಡಬೇಕಿತ್ತು, ಆ ಗುಂಡಿ ಇದ್ದದ್ದು ಕೆಳಗೆ. ಒರೆಸದೆ ಉಳಿದಿದ್ದ ಹಳೆಯ ಸುತ್ತು ಈಗ ಬೇರೊಂದು ಗುಂಡಿಯ ಮೇಲೆ, ಅವಳ ನೋಟದ ನಟ್ಟನಡುವೆ, ಆ ಕುರುಡು ತೂತಿನಲ್ಲಿ ಕೂತಿತ್ತು. ಕಾಣದ್ದನ್ನು ಒರೆಸುವುದು ಹೇಗೆ? ಕೆಳಗೆ ಅಂದಾಜಿನ ಮೇಲೆ ಹೊಸದೊಂದು ಎಳೆದಳು. ಪೆನ್ನು ಕೆಲಸ ಮಾಡಲಿಲ್ಲ, ಗೆರೆ ಬೀಳಲಿಲ್ಲ, ಅದೂ ಅವಳಿಗೆ ತಿಳಿಯಲಿಲ್ಲ.

"ಕೆಂಪು ಸುತ್ತಿನೊಳಗೆ ಒತ್ತಿ. ಖಚಿತವಾ ಅಂತ ಕೇಳುತ್ತೆ, ಹೌದು ಅನ್ನಿ."

ದಪ್ಪಕ್ಕ ಕೈ ಎತ್ತಿದಳು. "ಟೀಚರ್, ಇಲ್ಲಿ ಎಲ್ಲಾ ಡಿಲೀಟ್ ಅಂತಿದೆಯಲ್ಲಾ?"

ಅಧಿಕಾರಿ ಬರುವ ಹೊತ್ತು ಹತ್ತಿರವಾಗಿತ್ತು. ಟೀಚರ್ ರೇಗಿಬಿಟ್ಟಳು. "ನಾನು ಸುತ್ತು ಹಾಕಿದ್ದು ಕಾಣ್ಸಲ್ವಾ? ನಿಮಗೇನು ಕಣ್ಣಿಲ್ವಾ?"

ದಪ್ಪಕ್ಕ ತಲೆ ತಗ್ಗಿಸಿ ಒತ್ತಿದಳು. ಉಳಿದವರು ಆಗಲೇ ಒತ್ತಿಯಾಗಿತ್ತು.

ಆಮೇಲೆ ಮುಂದಿನ ಸಾಲಿನಿಂದ ಒಂದು ಸಣ್ಣ ದನಿ ಬಂತು. "ಎಲ್ಲಾ ಹೋಯ್ತು ಟೀಚರ್. ನೀವು ಹೇಳಿದ್ದನ್ನೇ ಮಾಡಿದ್ವಿ." ಟೀಚರ್ ಮೂಗು ತಾಗುವಷ್ಟು ಹತ್ತಿರ ಹೋಗಿ, ತಲೆ ಓರೆ ಮಾಡಿ, ಕಣ್ಣಂಚಿನಿಂದ ಪರದೆ ನೋಡಿದಳು. ಆಗ ಕಂಡಿತು ಹಳೆಯ ಕೆಂಪು ಸುತ್ತು. ಅವಳು ಹಾಗೆ ಓರೆಯಾಗಿ ನೋಡಿದ್ದನ್ನು ಎಲ್ಲರೂ ನೋಡಿದರು.

ಅಳಿಸಿದ್ದನ್ನು ಹಿಂದೆ ತರುವ ದಾರಿ ಆ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ಅಧಿಕಾರಿ ಬಂದರು, ಖಾಲಿ ಪುಟಗಳನ್ನು ನೋಡಿದರು, ಒಬ್ಬರನ್ನೂ ಆರಿಸದೆ ಹೋದರು. ದಪ್ಪಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳೇ ಹೊರತು ಒಂದೂ ಕೆಟ್ಟ ಮಾತಾಡಲಿಲ್ಲ. ಬೈದಿದ್ದರಾದರೂ ಎಷ್ಟೋ ವಾಸಿಯಿತ್ತು.

ತರಬೇತಿ ಕೇಂದ್ರದ ಮಾಲೀಕ ಕೆಟ್ಟವನಲ್ಲ. "ಮೊದಲೇ ಹೇಳ್ಬಾರ್ದಿತ್ತಾ?" ಎಂದ.

"ಹೇಳಿದ್ರೆ ಇಟ್ಕೋತಿದ್ರಾ?"

ಅವನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದ. "ಮನೇಲಿ ವಿಶ್ರಾಂತಿ ತಗೊಳ್ಳಿ. ನಿಮ್ಮ ಪಾಠಗಳ ವಿಡಿಯೊ ಇದೆಯಲ್ಲ, ಸದ್ಯಕ್ಕೆ ಅದನ್ನೇ ಹಾಕ್ತೀನಿ."

ಚೀಲ ತೆಗೆದುಕೊಂಡು ಹೋಗಲೆಂದು ಮರುದಿನ ಬಂದಾಗ ಪಾಠ ನಡೆಯುತ್ತಿತ್ತು. ಹೆಂಗಸರು ಮತ್ತೆ ಮೊದಲಿನಿಂದ ತುಂಬಲು ಕೂತಿದ್ದರು. ಇನ್ನೊಮ್ಮೆ ಯಾರಾದರೂ ಬಂದು ನೋಡುತ್ತಾರೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ. ಅವಳು ಬಾಗಿಲ ಹತ್ತಿರವೇ ನಿಂತಳು. ಗೋಡೆಯಿಂದ ಅವಳದೇ ದನಿ ಬರುತ್ತಿತ್ತು, ಕಣ್ಣು ನೆಟ್ಟಗಿದ್ದ ಕಾಲದ ದನಿ.

"ಹಳದಿ ಎಲ್ಲಿದೆಯೋ ಅಲ್ಲೇ ಕಣ್ಣಿಡಿ."

"ಹ್ಞೂಂ ಟೀಚರ್," ಎಂದರು ಹೆಂಗಸರು ಗೋಡೆಗೆ, ರೂಢಿಬಲದಿಂದ.

ಅವಳೂ ಅಲ್ಲೇ ಕಣ್ಣಿಟ್ಟಳು. ಅಲ್ಲಿ ಏನೂ ಇರಲಿಲ್ಲ.